ಯಂತ್ರದ ಆಯುಷ್ಯ, ದಾಖಲೆಯ ಆಯುಷ್ಯ: ಅಂಗಡಿಗೆ ಗಣಕಯಂತ್ರ ಕೊಳ್ಳುವ ಮುನ್ನ

ಮಾಗಡಿ ತಾಲ್ಲೂಕಿನ ಕುದೂರಿನ ವರ್ತಕರೊಬ್ಬರು ಕೆಲವು ತಿಂಗಳ ಹಿಂದೆ ಒಂದು ರಟ್ಟಿನ ಪೆಟ್ಟಿಗೆಯನ್ನು ಹೊತ್ತು ನಮ್ಮ ಕಚೇರಿಗೆ ಬಂದಿದ್ದರು. ಹಿಂದಿನ ವರ್ಷವೊಂದರ ಖರೀದಿ ಬಿಲ್ಲುಗಳನ್ನು ಹಾಜರುಪಡಿಸುವಂತೆ ಅವರಿಗೆ ತೆರಿಗೆ ಇಲಾಖೆಯ ನೋಟೀಸು ಬಂದಿತ್ತು. ಅವರು ಶಿಸ್ತಿನ ಮನುಷ್ಯರು. ಒಂದು ಬಿಲ್ಲನ್ನೂ ಕಳೆದಿರಲಿಲ್ಲ. ಆದರೆ ಪೆಟ್ಟಿಗೆಯನ್ನು ತೆರೆದಾಗ ಅರ್ಧಕ್ಕರ್ಧ ಬಿಲ್ಲುಗಳು ಬರಿಯ ಬಿಳಿ ಚೀಟಿಗಳಾಗಿದ್ದವು. ಅವು ಶಾಖದಿಂದ ಮುದ್ರಿತವಾಗುವ ಥರ್ಮಲ್ ಕಾಗದದ ಬಿಲ್ಲುಗಳು, ಅಕ್ಷರಗಳು ಮಾಸಿಹೋಗಿದ್ದವು. ಗಣಕಯಂತ್ರದಲ್ಲಿ ಇರಬೇಕಲ್ಲ ಎಂದು ಕೇಳಿದೆ. ಹಳೆಯ ಯಂತ್ರದ ಹಾರ್ಡ್ ಡಿಸ್ಕ್ ಕೆಟ್ಟು, ಹೊಸದನ್ನು ಕೊಂಡು ಒಂದು ವರ್ಷವಾಗಿತ್ತು. ಸರಬರಾಜುದಾರರಿಂದ ನಕಲು ಪ್ರತಿಗಳನ್ನು ಬೇಡಿ ತಂದದ್ದಾಯಿತು. ಅಂಗಡಿ ಮುಚ್ಚಿದ್ದ ಒಬ್ಬರಿಂದ ಮಾತ್ರ ಏನೂ ದೊರೆಯಲಿಲ್ಲ. ಆ ಬಾಬ್ತಿನ ಇನ್‌ಪುಟ್ ಕ್ರೆಡಿಟ್ಟನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕಾಯಿತು. ತೆತ್ತ ಮೊತ್ತ ಹೊಸ ಗಣಕಯಂತ್ರದ ಬೆಲೆಗಿಂತ ಹೆಚ್ಚು.

ಯಂತ್ರ ಕೊಳ್ಳುವಾಗ ನಾವು ವೇಗ, ಮೆಮೊರಿ, ಬೆಲೆ ಇವನ್ನೇ ವಿಚಾರಿಸುತ್ತೇವೆ. ವರ್ತಕನು ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈ ಯಂತ್ರ ಕೆಟ್ಟ ಮೇಲೂ ನನ್ನ ಲೆಕ್ಕ ಉಳಿಯುತ್ತದೆಯೆ?

ಎಷ್ಟು ಕಾಲ ಉಳಿಸಬೇಕು?

ಜಿ.ಎಸ್.ಟಿ. ಕಾಯಿದೆಯ 36ನೇ ಕಲಮಿನಂತೆ ಲೆಕ್ಕಪುಸ್ತಕಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡತಕ್ಕದ್ದು. 2024-25ನೇ ಸಾಲಿನ ವಿವರಪಟ್ಟಿಗೆ ಕೊನೆಯ ದಿನ 31-12-2025. ಆದ್ದರಿಂದ 2024ರ ಏಪ್ರಿಲ್‌ನಲ್ಲಿ ಬರೆದ ಬಿಲ್ಲು 2031ರ ಡಿಸೆಂಬರ್ ಅಂತ್ಯದವರೆಗೂ ಇರಬೇಕು. ಅಂದರೆ ಏಳು ವರ್ಷ ಒಂಬತ್ತು ತಿಂಗಳು. ಮೇಲ್ಮನವಿ ಅಥವಾ ತನಿಖೆ ಬಾಕಿಯಿದ್ದಲ್ಲಿ ಈ ಅವಧಿ ಇನ್ನೂ ದೀರ್ಘವಾಗಬಹುದು. ಖಾಸಗಿ ಸೀಮಿತ ಕಂಪನಿಗಳಿಗೆ ಕಂಪನಿ ಕಾಯಿದೆಯು ಎಂಟು ವರ್ಷ ಗೊತ್ತುಪಡಿಸಿದೆ.

ಧೂಳು, ಸೆಕೆ, ವಿದ್ಯುತ್ತಿನ ಏರಿಳಿತಗಳ ನಡುವೆ ದುಡಿಯುವ ಅಂಗಡಿಯ ಗಣಕಯಂತ್ರ ನಾಲ್ಕೈದು ವರ್ಷ ಬಾಳಿದರೆ ನಮ್ಮ ಪುಣ್ಯ. ಮೊಬೈಲಿನ ಆಯುಷ್ಯ ಅದಕ್ಕಿಂತ ಕಡಿಮೆ. ದಾಖಲೆಯು ಒಂದು ಯಂತ್ರದಿಂದ ಮತ್ತೊಂದಕ್ಕೆ ದಾಟಲೇಬೇಕು.

ಮುದ್ರಣ ಯಂತ್ರ

ಥರ್ಮಲ್ ಪ್ರಿಂಟರಿಗೆ ಶಾಯಿಯ ಖರ್ಚಿಲ್ಲ, ಕೆಲಸವೂ ಬೇಗ. ಚಿಲ್ಲರೆ ಗಿರಾಕಿಗೆ ಕೊಡುವ ಚೀಟಿಗೆ ಅದು ಸಾಕು. ಆದರೆ ಬಿಸಿಲು, ಶಾಖ, ಪ್ಲಾಸ್ಟಿಕ್ ಕವರಿನ ಸಂಪರ್ಕ ಇವೆಲ್ಲ ಅದರ ಅಕ್ಷರವನ್ನು ಅಳಿಸುತ್ತವೆ. ನೋಂದಾಯಿತ ವರ್ತಕರಿಗೆ ಬಿಲ್ಲು ಕೊಡುವವರು ಲೇಸರ್ ಅಥವಾ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಇಟ್ಟುಕೊಳ್ಳುವುದು ಲೇಸು. ಇಂಕ್‌ಜೆಟ್ ಅಗ್ಗವಾದರೂ ಅಪರೂಪಕ್ಕೆ ಬಳಸಿದರೆ ಶಾಯಿ ಒಣಗಿ ಕಟ್ಟಿಕೊಳ್ಳುತ್ತದೆ.

ತಮಗೆ ಬರುವ ಥರ್ಮಲ್ ಬಿಲ್ಲನ್ನು ಅದೇ ವಾರ ಜೆರಾಕ್ಸ್ ಮಾಡಿಸಿ ಅಥವಾ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ತಿಂಗಳಿಗೊಂದು ಫೋಲ್ಡರಿನಲ್ಲಿ ಇಡಿ. ಪೋರ್ಟಲ್ಲಿನ ಜಿ.ಎಸ್.ಟಿ.ಆರ್.-2ಬಿ ಪಟ್ಟಿಯಲ್ಲಿ ಹೆಸರು ಬಂದಿದೆಯಲ್ಲ ಎಂದು ನಿಶ್ಚಿಂತರಾಗಬೇಡಿ. ತೆರಿಗೆ ಬಿಲ್ಲು ಕೈಯಲ್ಲಿರಬೇಕೆಂಬುದು ಕ್ರೆಡಿಟ್ಟಿನ ಮೊದಲ ಷರತ್ತು.

ಗಣಕಯಂತ್ರ

ಕರೆಂಟು ಪದೇ ಪದೇ ಹೋಗುವ ಊರಿನಲ್ಲಿ ಲ್ಯಾಪ್‌ಟಾಪ್ ಒಳ್ಳೆಯ ಆಯ್ಕೆ. ಬ್ಯಾಟರಿ ಅದರಲ್ಲೇ ಇರುತ್ತದೆ. ಡೆಸ್ಕ್‌ಟಾಪ್ ಕೊಂಡರೆ ಯು.ಪಿ.ಎಸ್. ಇಲ್ಲದೆ ಕೊಳ್ಳಬೇಡಿ. ಸಣ್ಣ ಯು.ಪಿ.ಎಸ್. ಇರುವುದು ಕತ್ತಲಲ್ಲಿ ವ್ಯಾಪಾರ ಮುಂದುವರಿಸುವುದಕ್ಕಲ್ಲ. ಬರೆಯುತ್ತಿದ್ದ ಬಿಲ್ಲನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ಮುಚ್ಚುವುದಕ್ಕೆ. ಲೆಕ್ಕ ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಲೆಕ್ಕದ ಕಡತವೇ ಕೆಡಬಹುದು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಯಂತ್ರ ಅಗ್ಗವಾಗಿ ಸಿಗುತ್ತದೆಂದು ತರುವವರುಂಟು. ತಪ್ಪೇನಿಲ್ಲ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲ 14-10-2025ಕ್ಕೆ ಮುಗಿದಿದೆ. ತರುವ ಯಂತ್ರದಲ್ಲಿ ವಿಂಡೋಸ್ 11 ನಡೆಯುವುದೇ ಎಂದು ಮೊದಲು ಕೇಳಿ, ಬಿಲ್ಲು ಮತ್ತು ಗ್ಯಾರಂಟಿಯನ್ನು ಬರಹದಲ್ಲಿ ಪಡೆಯಿರಿ.

ಬಿಲ್ಲು ಸಂಸ್ಥೆಯ ಹೆಸರಿನಲ್ಲಿ, ಜಿ.ಎಸ್.ಟಿ. ನೋಂದಣಿ ಸಂಖ್ಯೆಯೊಡನೆ ಇರಲಿ. 40,000 ರೂ. ಬೆಲೆಯ ಲ್ಯಾಪ್‌ಟಾಪಿಗೆ ಶೇ. 18ರಂತೆ 7,200 ರೂ. ತೆರಿಗೆ. ವ್ಯಾಪಾರಕ್ಕೇ ಬಳಸುವುದಾದರೆ ಆ ಮೊತ್ತ ಕ್ರೆಡಿಟ್ ಆಗಿ ಬರುತ್ತದೆ. ಮಗನ ಹೆಸರಿನಲ್ಲಿ ಆನ್‌ಲೈನ್ ತರಿಸಿದರೆ ಬರುವುದಿಲ್ಲ. ರಾಜಿ ತೆರಿಗೆ ಪದ್ಧತಿಯವರಿಗೆ ಈ ಸೌಲಭ್ಯವಿಲ್ಲ. ಕ್ರೆಡಿಟ್ ಪಡೆದವರು ಅದೇ ತೆರಿಗೆ ಮೊತ್ತದ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ.

ಲೆಕ್ಕದ ತಂತ್ರಾಂಶ

ಮಾರಾಟಗಾರನನ್ನು ಮೂರು ಪ್ರಶ್ನೆ ಕೇಳಿ. ಚಂದಾ ನಿಲ್ಲಿಸಿದರೆ ಹಳೆಯ ಲೆಕ್ಕವನ್ನು ನೋಡಲು ಬರುತ್ತದೆಯೆ? ಪೂರ್ತಿ ಲೆಕ್ಕವನ್ನು ಎಕ್ಸೆಲ್ ಅಥವಾ ಪಿ.ಡಿ.ಎಫ್. ರೂಪದಲ್ಲಿ ಹೊರತೆಗೆಯಬಹುದೆ? ತಿದ್ದಿದ ನಮೂದುಗಳ ದಾಖಲೆ ಉಳಿಯುತ್ತದೆಯೆ? ಕೊನೆಯದು ಕಂಪನಿಗಳಿಗೆ 1-4-2023ರಿಂದ ಕಡ್ಡಾಯ. ಮೊದಲೆರಡಕ್ಕೆ ಇಲ್ಲವೆಂದರೆ ಅಂತಹ ತಂತ್ರಾಂಶ ಉಚಿತವಾಗಿ ಸಿಕ್ಕರೂ ದುಬಾರಿಯೇ. 2017-18ರಿಂದೀಚೆಗೆ ಯಾವುದೇ ವರ್ಷ 5 ಕೋಟಿ ರೂ. ವಹಿವಾಟು ಮೀರಿದವರು ಇ-ಇನ್‌ವಾಯ್ಸ್ ಸೌಲಭ್ಯವಿದೆಯೇ ಎಂದೂ ನೋಡಬೇಕು.

ಮೊಬೈಲ್ ಮತ್ತು ಕ್ಯು.ಆರ್. ಫಲಕ

2025ರ ಜುಲೈನಲ್ಲಿ ಯು.ಪಿ.ಐ. ಜಮೆಗಳ ಆಧಾರದ ಮೇಲೆ ನಮ್ಮ ರಾಜ್ಯದ ಸಣ್ಣ ವರ್ತಕರಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟೀಸು ಬಂದದ್ದು ಎಲ್ಲರ ನೆನಪಿನಲ್ಲಿದೆ. ಸರಕಿನ ವ್ಯಾಪಾರಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂ. ನೋಂದಣಿಯ ಮಿತಿ. ಹಾಲು, ತರಕಾರಿಯಂತಹ ತೆರಿಗೆಯಿಲ್ಲದ ಸರಕನ್ನು ಮಾತ್ರ ಮಾರುವವರಿಗೆ ನೋಂದಣಿ ಬೇಕಿಲ್ಲ. ಆದರೆ ಗಲ್ಲಾಪೆಟ್ಟಿಗೆಯ ಪಕ್ಕದ ಸೌಂಡ್ ಬಾಕ್ಸ್ ‘ನೂರು ರೂಪಾಯಿ ಬಂದಿದೆ’ ಎನ್ನುತ್ತದೆಯೇ ಹೊರತು ಅದು ಹಾಲಿನ ಹಣವೋ ಬಿಸ್ಕತ್ತಿನದೋ, ನೆಂಟರು ತೀರಿಸಿದ ಕೈಗಡವೋ ಎಂದು ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ನಿಮ್ಮ ದಿನವಹಿ. ಅಂಗಡಿಯ ಕ್ಯು.ಆರ್. ಫಲಕವನ್ನು ಪ್ರತ್ಯೇಕ ಬ್ಯಾಂಕ್ ಖಾತೆಗೆ ಜೋಡಿಸಿ, ಮನೆಯ ಹಣವನ್ನು ಅದರಲ್ಲಿ ಬೆರೆಸಬೇಡಿ.

ಪೋರ್ಟಲ್ಲಿಗೆ ಕೊಟ್ಟ ಮೊಬೈಲ್ ಸಂಖ್ಯೆ ಮಾಲೀಕರದೇ ಆಗಿರಲಿ, ಗುಮಾಸ್ತರದಾಗಲಿ ನಮ್ಮಂತಹ ಲೆಕ್ಕಪರಿಶೋಧಕರದಾಗಲಿ ಬೇಡ. ಇ-ವೇ ಬಿಲ್ ವ್ಯವಸ್ಥೆಗೆ ಪ್ರವೇಶಿಸಲು 1-4-2025ರಿಂದ ಎಲ್ಲರಿಗೂ ಎರಡನೆಯ ಹಂತದ ದೃಢೀಕರಣ ಕಡ್ಡಾಯವಾಗಿದೆ. ಗುಮಾಸ್ತ ಕೆಲಸ ಬಿಟ್ಟ ದಿನ ಲಾರಿ ತುಂಬಿ ನಿಂತಿದ್ದರೆ ಓ.ಟಿ.ಪಿ. ಯಾರಿಗೆ ಬರುತ್ತದೆಂದು ಯೋಚಿಸಿ.

ಬ್ಯಾಕಪ್: ಇದು ಸಲಹೆಯಲ್ಲ, ನಿಯಮ

ಅಪಘಾತದಿಂದಲೋ ಪ್ರಕೃತಿ ವಿಕೋಪದಿಂದಲೋ ದಾಖಲೆ ನಾಶವಾದರೆ ಸೂಕ್ತ ಸಮಯದಲ್ಲಿ ಮರಳಿ ಪಡೆಯುವಂತೆ ಬ್ಯಾಕಪ್ ಇಡಬೇಕೆಂದು ಜಿ.ಎಸ್.ಟಿ. ನಿಯಮಾವಳಿಯ 57ನೇ ನಿಯಮ ವಿಧಿಸುತ್ತದೆ. ಸುಲಭ ಕ್ರಮ ಹೀಗಿದೆ:

1. ಪ್ರತಿ ಸಂಜೆ ಬಾಗಿಲು ಹಾಕುವ ಮುನ್ನ ಲೆಕ್ಕದ ಪ್ರತಿಯನ್ನು ಪೆನ್ ಡ್ರೈವಿಗೆ ತೆಗೆಯಿರಿ. ಎರಡು ಪೆನ್ ಡ್ರೈವ್ ಇರಲಿ, ದಿನ ಬಿಟ್ಟು ದಿನ ಬಳಸಿ.
2. ಒಂದು ಪ್ರತಿ ಮನೆಯಲ್ಲಿರಲಿ. ಯಂತ್ರದ ಪಕ್ಕದಲ್ಲೇ ಇಟ್ಟ ಪ್ರತಿ ಬೆಂಕಿಗೂ ಕಳ್ಳನಿಗೂ ಒಟ್ಟಿಗೆ ಸಿಗುತ್ತದೆ.
3. ವಾರಕ್ಕೊಮ್ಮೆ ಇಂಟರ್‌ನೆಟ್ ಮೂಲಕ ಸುರಕ್ಷಿತ ಖಾತೆಯೊಂದಕ್ಕೆ ಪ್ರತಿ ಕಳಿಸಿ. ಗುಪ್ತಪದವನ್ನು ಮನೆಯವರೊಬ್ಬರಿಗೆ ತಿಳಿಸಿರಿ.
4. ವರ್ಷಾಂತ್ಯದಲ್ಲಿ ಖಾತೆ ಪುಸ್ತಕ, ಖರೀದಿ ಮತ್ತು ಮಾರಾಟ ಪಟ್ಟಿಗಳನ್ನು ಪಿ.ಡಿ.ಎಫ್. ಮಾಡಿಡಿ. ತಂತ್ರಾಂಶ ಬದಲಾದರೂ ಅವನ್ನು ಓದಬಹುದು.
5. ಹಳೆಯ ಯಂತ್ರವನ್ನು ವಿನಿಮಯಕ್ಕೆ ಕೊಡುವ ಮೊದಲು ಲೆಕ್ಕವನ್ನು ಹೊಸದಕ್ಕೆ ವರ್ಗಾಯಿಸಿ, ತೆರೆದು ನೋಡಿ, ಅನಂತರ ಹಳೆಯದರಿಂದ ಅಳಿಸಿ.

ಇಷ್ಟೆಲ್ಲ ಓದಿದ ಮೇಲೆ ಇಂದೇ ಹೊಸ ಯಂತ್ರ ಕೊಳ್ಳಬೇಕಾಗಿಲ್ಲ. ಮೊದಲು ಒಂದು ಪರೀಕ್ಷೆ ಮಾಡಿ. ನಾಲ್ಕು ವರ್ಷ ಹಿಂದಿನ ಒಂದು ತಿಂಗಳನ್ನು ಆರಿಸಿಕೊಂಡು, ಆ ತಿಂಗಳ ಒಂದು ಖರೀದಿ ಬಿಲ್ಲನ್ನೂ ಒಂದು ಮಾರಾಟ ಬಿಲ್ಲನ್ನೂ ಹುಡುಕಿ ತೆಗೆಯಿರಿ. ಹತ್ತು ನಿಮಿಷದಲ್ಲಿ ಸಿಕ್ಕಿ, ಓದಲೂ ಬಂದರೆ ನಿಮ್ಮ ಈಗಿನ ಯಂತ್ರವೇ ಸಾಕು. ಸಿಗದಿದ್ದರೆ ನೋಟೀಸು ಬರುವವರೆಗೆ ಕಾಯದೆ ನಿಮ್ಮ ಲೆಕ್ಕಪರಿಶೋಧಕರನ್ನು ಈ ವಾರವೇ ಕಾಣಿರಿ.