ಸುಟ್ಟ ಮೈಗೆ ಪಥ್ಯವಲ್ಲ, ಊಟ ಬೇಕು

ಮಡಕಶಿರಾ, ಅಗಳಿ, ರೊಳ್ಳ, ಅಮರಾಪುರದ ಕಡೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಈ ಎರಡು ಭಾಷೆಗಳಿಗೂ ತಕರಾರೇ ಇಲ್ಲದ ಒಂದು ವಿಷಯವಿದೆ, ಅದು ಪಥ್ಯ. ಮೈಮೇಲೆ ಗಾಯವಾಯಿತು ಅಂದರೆ ಕನ್ನಡದ ಅಜ್ಜಿ ‘ಬೇಳೆ ತಿಂದ್ರೆ ಕೀವಾಗ್ತದೆ’ ಅಂತಾಳೆ. ತೆಲುಗಿನ ಅವ್ವ ‘ಪಪ್ಪು ತಿಂಟೇ ಚೀಮು ಪಡುತುಂದಿ’ ಅಂತಾಳೆ. ಮೊಟ್ಟೆ ನಂಜು, ಮೀನು ನಂಜು, ಬದನೆಕಾಯಿ ನಂಜು, ಕಡಲೆಕಾಯಿ ಪಿತ್ತ. ಕೊನೆಗೆ ಉಳಿಯೋದು ತಿಳಿಗಂಜಿ, ಬ್ರೆಡ್ಡು, ಎಳನೀರು. ಮುಳ್ಳು ಚುಚ್ಚಿದ ಕಾಲಿಗೆ ನಾಕು ದಿನ ಈ ಪಥ್ಯ ಮಾಡಿದರೆ ಹೆಚ್ಚಿನ ನಷ್ಟವೇನಿಲ್ಲ. ಆದರೆ ಮೈಯ ಮೂರರಲ್ಲೊಂದು ಪಾಲು ಸುಟ್ಟುಕೊಂಡು ಮಲಗಿದವರಿಗೂ ಇದನ್ನೇ ಹಿಡಿಸಿದರೆ ಅದು ಪಥ್ಯವಲ್ಲ, ಉಪವಾಸ. ಆ ಉಪವಾಸ ಜೀವ ತೆಗೆಯಬಲ್ಲದು.

ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 70 ಲಕ್ಷ ಜನ ಬೆಂಕಿ, ಬಿಸಿನೀರು, ಕರೆಂಟುಗಳಿಂದ ಸುಟ್ಟುಕೊಳ್ಳುತ್ತಾರೆ ಅಂತ ಸರ್ಕಾರದ ಅಂದಾಜು. ಸಾಯುವವರು ಸುಮಾರು 1 ಲಕ್ಷ 40 ಸಾವಿರ. ಸೌದೆ ಒಲೆ, ಸೀಮೆಎಣ್ಣೆ ಸ್ಟೌ, ಬಚ್ಚಲ ಹಂಡೆ ಹಳೆಯ ಕಾರಣಗಳು. ಬೋರ್‌ವೆಲ್ ಬಂದ ಮೇಲೆ ನಮ್ಮ ಸೀಮೆಗೆ ಇನ್ನೊಂದು ಸೇರಿಕೊಂಡಿತು. ಟ್ರಾನ್ಸ್‌ಫಾರ್ಮರಿನ ಫ್ಯೂಸು ಹೋದಾಗ ಲೈನ್‌ಮನ್ ಬರುವವರೆಗೆ ಕಾಯದೆ ನಾವೇ ಕೈ ಹಾಕೋದು. ಬೆಳೆ ಒಣಗುತ್ತಿರುವಾಗ ಯಾರು ಕಾಯುತ್ತಾರೆ? ಕರೆಂಟಿನ ಗಾಯ ಮಾತ್ರ ಬಲು ಮೋಸದ್ದು. ಹೊರಗೆ ಅಂಗೈಯಲ್ಲಿ ಒಂದು ಕರಿ ಮಚ್ಚೆ ಕಾಣುತ್ತದೆ, ಒಳಗೆ ತೋಳಿನ ಮಾಂಸವೆಲ್ಲ ಬೆಂದಿರುತ್ತದೆ.

ಪಕ್ಕದ ಹಳ್ಳಿಯ ರೈತನೊಬ್ಬನಿಗೆ ಹೀಗೇ ಆಯಿತು. ಬದುಕಿದ. ಆಸ್ಪತ್ರೆಯಲ್ಲಿ ಅವನನ್ನು ನೋಡಲು ಹೋದಾಗ ನನಗೆ ಆಶ್ಚರ್ಯವಾದದ್ದು ಗಾಯ ಕಂಡು ಅಲ್ಲ, ಗಾಯವಿಲ್ಲದ ಕಾಲು ಕಂಡು. ತೊಡೆ ಕೋಲಿನಂತಾಗಿತ್ತು. ಸುಟ್ಟದ್ದು ಕೈ, ಕರಗಿದ್ದು ಕಾಲು! ಇದ್ಯಾಕೆ ಹೀಗೆ ಅಂತ ವಾರ್ಡಿನ ಡಾಕ್ಟರನ್ನು ಕೇಳಿದೆ. ಅವರು ಪುರುಸೊತ್ತು ಮಾಡಿಕೊಂಡು ಹೇಳಿದರು. ಆಮೇಲೆ ನಾನೂ ಅಷ್ಟಿಷ್ಟು ಓದಿಕೊಂಡೆ.

ಇದೇ ಪ್ರಶ್ನೆ ಸುಮಾರು ತೊಂಬತ್ತೈದು ವರ್ಷದ ಹಿಂದೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಡೇವಿಡ್ ಕತ್ಬರ್ಟ್‌ಸನ್ ಎಂಬ ವಿಜ್ಞಾನಿಗೂ ಬಂದಿತ್ತು. ಮೂಳೆ ಮುರಿದು ಮಲಗಿದವರ ಮೂತ್ರವನ್ನು ಅವರು ಪರೀಕ್ಷೆ ಮಾಡುತ್ತಿದ್ದರು. ಅದರಲ್ಲಿ ಸಾರಜನಕ ಮಿತಿಮೀರಿ ಹೋಗುತ್ತಿತ್ತು. ಸಾರಜನಕ ಹೋಗುತ್ತಿದೆ ಅಂದರೆ ಮಾಂಸಖಂಡ ಒಡೆಯುತ್ತಿದೆ ಅಂತ ಅರ್ಥ. ಮುರಿದ ಕಾಲೊಂದರಿಂದಲೇ ಅಷ್ಟು ಹೋಗಲು ಸಾಧ್ಯವಿಲ್ಲ. ಇಡೀ ಮೈಯ ಮಾಂಸವೇ ಕರಗುತ್ತಿದೆ ಅನ್ನೋದನ್ನು 1930ರಲ್ಲಿ ಅವರು ಪ್ರಕಟಿಸಿದರು. 1942ರಲ್ಲಿ ಇದಕ್ಕೆ ಎರಡು ಘಟ್ಟಗಳನ್ನು ಗುರುತಿಸಿದರು. ಮೊದಲನೆಯದು ಇಳಿತ. ಪೆಟ್ಟು ಬಿದ್ದ ಮೊದಲ ಒಂದೆರಡು ದಿನ ಮೈ ತಣ್ಣಗಾಗುತ್ತದೆ, ನಾಡಿ ಸಣ್ಣಗಾಗುತ್ತದೆ, ಒಳಗಿನ ಕೆಲಸವೆಲ್ಲ ಮಂದವಾಗುತ್ತದೆ. ಎರಡನೆಯದು ಉಬ್ಬರ. ಆಗ ಒಳಗಿನ ಒಲೆ ಹೊತ್ತಿಕೊಳ್ಳುತ್ತದೆ, ಬೇಗ ಆರುವುದಿಲ್ಲ.

ಶಾಲೆಯಲ್ಲಿ ‘ಚಯಾಪಚಯ’ ಅಂತ ಓದಿದ್ದೆವು. ಚಯ ಅಂದರೆ ಕೂಡಿಡೋದು, ಅಪಚಯ ಅಂದರೆ ಕಳೆಯೋದು. ಗಟ್ಟಿಮುಟ್ಟಾದವರಲ್ಲಿ ಎರಡೂ ಜೋಡೆತ್ತಿನ ಹಾಗೆ ಸಮನಾಗಿ ಎಳೆಯುತ್ತವೆ. ದೊಡ್ಡ ಸುಟ್ಟಗಾಯದಲ್ಲಿ ಅಪಚಯದ ಎತ್ತು ನೊಗ ಕಿತ್ತುಕೊಂಡು ಓಡುತ್ತದೆ. ನನಗೆ ಇಲ್ಲಿ ತೆಲುಗಿನ ಒಂದು ಮಾತು ನೆನಪಾಗುತ್ತದೆ. ಕನ್ನಡದಲ್ಲಿ ಅರಗೋದು ಅಂದರೆ ಉಂಡದ್ದು ಜೀರ್ಣವಾಗೋದು. ತೆಲುಗಿನಲ್ಲಿ ‘ಅರಿಗಿಪೋಯಿಂದಿ’ ಅಂದರೆ ಊಟ ಜೀರ್ಣವಾಯಿತು ಅಂತಲೂ ಹೌದು, ಮೆಟ್ಟು ಸವೆದುಹೋಯಿತು ಅಂತಲೂ ಹೌದು. ಸುಟ್ಟವರ ಮೈಯಲ್ಲಿ ಎರಡೂ ಒಂದೇ. ಹೊರಗಿನಿಂದ ಅರಗಲು ಏನೂ ಸಿಗದಿದ್ದರೆ ಮೈಯನ್ನೇ ಅರಗಿಸಿಕೊಳ್ಳುತ್ತದೆ.

ಒಲೆ ಯಾಕೆ ಹೊತ್ತಿಕೊಳ್ಳುತ್ತದೆ? ಒಂದು ಕಾರಣ ಚರ್ಮದ್ದು. ಚರ್ಮ ಮೈಯ ನೀರನ್ನು ಹೊರಗೆ ಬಿಡದೆ ಕಾಯುವ ಕೆರೆ ಏರಿ. ಅದು ಸುಟ್ಟರೆ ಮಣ್ಣಿನ ಗಡಿಗೆಯ ಮೈಯಿಂದ ನೀರು ಆವಿಯಾದ ಹಾಗೆ ಗಾಯದಿಂದ ನೀರು ಹೋಗುತ್ತಲೇ ಇರುತ್ತದೆ. ಗಡಿಗೆಯ ನೀರು ಯಾಕೆ ತಣ್ಣಗಿರುತ್ತದೆ ಅನ್ನೋದು ಗೊತ್ತಲ್ಲ, ಆವಿಯಾಗುವ ನೀರು ಶಾಖವನ್ನು ಕೊಂಡೊಯ್ಯುತ್ತದೆ. ಒಂದು ಲೀಟರ್ ನೀರು ಹೀಗೆ ಹೋದರೆ ಸುಮಾರು 580 ಕ್ಯಾಲೊರಿಯಷ್ಟು ಶಾಖ ಹೋದಂತೆ. ಅದನ್ನು ತುಂಬಲು ಮೈ ಮತ್ತೆ ಉರಿಸಬೇಕು. ಅದಕ್ಕೇ ಒಳ್ಳೆಯ ಸುಟ್ಟಗಾಯದ ವಾರ್ಡುಗಳಲ್ಲಿ ಕೋಣೆಯನ್ನು 28ರಿಂದ 32 ಡಿಗ್ರಿ ಬೆಚ್ಚಗೆ ಇಡುತ್ತಾರೆ. ನಮ್ಮವರು ‘ಪಾಪ, ಮೈಯೆಲ್ಲ ಉರಿ’ ಅಂತ ಫ್ಯಾನು ಜೋರು ಮಾಡಿ ಒದ್ದೆ ಬಟ್ಟೆ ಹೊದಿಸುತ್ತಾರೆ. ಬೆಂಕಿ ತಗುಲಿದ ತಕ್ಷಣ ಗಾಯದ ಮೇಲೆ 20 ನಿಮಿಷ ಹರಿಯುವ ತಣ್ಣೀರು ಬಿಡೋದು ಸರಿ. ಮಂಜುಗಡ್ಡೆ, ಪೇಸ್ಟು, ಇಂಕು, ಸಗಣಿ ಯಾವುದೂ ಬೇಡ. ಆಮೇಲೆ ಒಣ ಶುಭ್ರ ಬಟ್ಟೆ ಹೊದಿಸಿ ಬೆಚ್ಚಗೆ ಕರೆದುಕೊಂಡು ಹೋಗಬೇಕು.

ಇನ್ನೊಂದು ಕಾರಣ ಹಾರ್ಮೋನುಗಳು. ಹುಲಿ ಕಂಡಾಗ ಎದೆ ಹೊಡೆದುಕೊಳ್ಳುವಂತೆ ಮಾಡುವ ಅಡ್ರಿನಲಿನ್, ಅದರ ಜೊತೆಗೆ ಕಾರ್ಟಿಸಾಲ್, ಗ್ಲುಕಗಾನ್ ರಕ್ತದಲ್ಲಿ ಹಲವು ಪಟ್ಟು ಏರುತ್ತವೆ. ಹುಲಿ ಕಂಡದ್ದು ಐದು ನಿಮಿಷದ ಮಾತು. ಇಲ್ಲಿ ಹುಲಿ ತಿಂಗಳುಗಟ್ಟಲೆ ಎದುರಿಗೇ ನಿಂತಿರುತ್ತದೆ. ಮೈಯ 40 ಪರ್ಸೆಂಟಿಗಿಂತ ಹೆಚ್ಚು ಸುಟ್ಟವರು ಹಾಸಿಗೆ ಮೇಲೆ ಸುಮ್ಮನೆ ಮಲಗಿದ್ದರೂ ಅವರ ಮೈ ಮಾಮೂಲಿಗಿಂತ ಒಂದೂವರೆ ಪಟ್ಟು, ಕೆಲವೊಮ್ಮೆ ಹತ್ತಿರ ಹತ್ತಿರ ಎರಡು ಪಟ್ಟು ಉರುವಲು ಬೇಡುತ್ತದೆ. ಬೆರಳುಗಳೂ ಸೇರಿ ರೋಗಿಯ ಒಂದು ಅಂಗೈ ಮೈಯ ಒಂದು ಪರ್ಸೆಂಟ್ ಅನ್ನೋದು ಸುಲಭದ ಅಳತೆ.

ಲೆಕ್ಕ ಎಷ್ಟು? 1974ರಲ್ಲಿ ಅಮೆರಿಕದ ಕರೇರಿ ಎಂಬ ವೈದ್ಯರು ಒಂದು ಸೂತ್ರ ಕೊಟ್ಟರು. ತೂಕದ ಪ್ರತಿ ಕಿಲೋಗೆ 25 ಕ್ಯಾಲೊರಿ, ಸುಟ್ಟ ಪ್ರತಿ ಪರ್ಸೆಂಟಿಗೆ 40 ಕ್ಯಾಲೊರಿ. ಐವತ್ತು ಕಿಲೋ ತೂಕದ ಹೆಂಗಸಿಗೆ 40 ಪರ್ಸೆಂಟ್ ಸುಟ್ಟಿದ್ದರೆ ದಿನಕ್ಕೆ 2850 ಕ್ಯಾಲೊರಿ. ಈ ಸೂತ್ರ ಸ್ವಲ್ಪ ಹೆಚ್ಚಿಗೆ ಹೇಳುತ್ತದೆ ಅಂತ ಆಮೇಲೆ ಗೊತ್ತಾಯಿತು. ಅತಿಯಾಗಿ ತುರುಕಿದರೆ ಈಲಿಗೆ ಕೊಬ್ಬು ತುಂಬುತ್ತದೆ, ಉಸಿರಾಟಕ್ಕೂ ಭಾರವಾಗುತ್ತದೆ. ಅನುಕೂಲವಿರುವ ಆಸ್ಪತ್ರೆಗಳಲ್ಲಿ ಈಗ ರೋಗಿಯ ಉಸಿರನ್ನೇ ಅಳೆದು ಎಷ್ಟು ಉರಿಯುತ್ತಿದೆ ಅಂತ ನೋಡುತ್ತಾರೆ. ಪ್ರೋಟೀನಂತೂ ಕಿಲೋಗೆ ಒಂದೂವರೆಯಿಂದ 2 ಗ್ರಾಂ ಬೇಕು. ಅದೇ ಹೆಂಗಸಿಗೆ 75ರಿಂದ 100 ಗ್ರಾಂ. ಒಂದು ಮೊಟ್ಟೆಯಲ್ಲಿರೋದು 6 ಗ್ರಾಂ, ಗಂಜಿಯ ತಿಳಿಯಲ್ಲಿ ಇಲ್ಲವೆಂದೇ ಹೇಳಬೇಕು. ಮನೆಯಲ್ಲೇ ಬೆಳೆದ ಹುರುಳಿ, ಕಡಲೆಕಾಯಿಗಳಲ್ಲಿ ನೂರು ಗ್ರಾಮಿಗೆ 20ರ ಮೇಲೆ ಇದೆ. ನಂಜು ಅಂತ ನಾವು ತೆಗೆದಿಡುವ ಪದಾರ್ಥಗಳನ್ನು ಒಂದು ಸಾಲಿನಲ್ಲಿ ಬರೆದು ನೋಡಿ. ಬದನೆಕಾಯಿ ಬಿಟ್ಟರೆ ಅಷ್ಟೂ ಪ್ರೋಟೀನಿನ ಪಟ್ಟಿಯೇ.

ಕೀವು ಬೇಳೆಯಿಂದ ಬರುವುದಿಲ್ಲ, ಸೋಂಕಿನಿಂದ ಬರುತ್ತದೆ. ಸೋಂಕಿನ ಜೊತೆ ಹೋರಾಡುವ ಸರಂಜಾಮು ತಯಾರಾಗೋದು ಪ್ರೋಟೀನಿನಿಂದ. ಮೈಯ ಮಾಂಸದಲ್ಲಿ ಹತ್ತರಲ್ಲೊಂದು ಪಾಲು ಹೋದರೆ ರೋಗ ತಡೆಯುವ ಶಕ್ತಿ ಕುಂದುತ್ತದೆ. ಐದರಲ್ಲೊಂದು ಪಾಲು ಹೋದರೆ ಗಾಯ ಮಾಯುವುದು ನಿಧಾನವಾಗುತ್ತದೆ. ಮೂವತ್ತು ಪರ್ಸೆಂಟಿಗೆ ಬೆನ್ನು ಹುಣ್ಣು, ನ್ಯುಮೋನಿಯಾ. ನಲವತ್ತಕ್ಕೆ ಬಹುಪಾಲು ಸಾವೇ. ನಂಜಿಗೆ ಹೆದರಿ ಬೇಳೆ ಬಿಟ್ಟವರಿಗೇ ನಂಜು ಏರುತ್ತದೆ.

‘ಊಟ ಸೇರದಿದ್ದರೆ ಏನು, ಗ್ಲೂಕೋಸ್ ಹಾಕ್ತಿದಾರಲ್ಲ’ ಅನ್ನೋದು ಇನ್ನೊಂದು ಸಮಾಧಾನ. ಮೊದಲ ದಿನದ ಡ್ರಿಪ್ಪು ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಡಲ್ಲಾಸಿನ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯ ಸೂತ್ರದ ಪ್ರಕಾರ ಮೇಲೆ ಹೇಳಿದ ಹೆಂಗಸಿಗೆ ಮೊದಲ 24 ಗಂಟೆಯಲ್ಲಿ 8 ಲೀಟರ್‌ವರೆಗೂ ಬೇಕಾದೀತು. ಆದರೆ ಅದು ಉಪ್ಪಿನಂಶದ ದ್ರವ, ಸೋರಿಹೋದ ನೀರಿಗೆ ಬದಲು. ಊಟಕ್ಕೆ ಬದಲಲ್ಲ. ಇನ್ನು ನಾವು ಶಕ್ತಿ ಅಂತ ನಂಬಿರುವ ಅರ್ಧ ಲೀಟರಿನ 5 ಪರ್ಸೆಂಟ್ ಗ್ಲೂಕೋಸ್ ಬಾಟಲಿಯಲ್ಲಿರುವ ಸಕ್ಕರೆ 25 ಗ್ರಾಂ. ನೂರು ಕ್ಯಾಲೊರಿ ದಾಟುವುದಿಲ್ಲ. ನೂರು ಗ್ರಾಂ ರಾಗಿಹಿಟ್ಟಿನ ಒಂದು ಮುದ್ದೆ ಅಂಥ ಮೂರು ಬಾಟಲಿಗೆ ಸಮ!

ಬಾಯಲ್ಲಿ ಉಣ್ಣಲಾಗದವರಿಗೆ ಮೂಗಿನಿಂದ ಹೊಟ್ಟೆಗೆ ಸಣ್ಣ ನಳಿಗೆ ಇಳಿಸಿ, ಆದಷ್ಟೂ ಮೊದಲ 24 ಗಂಟೆಯೊಳಗೇ ಆಹಾರ ಕೊಡಲು ಶುರು ಮಾಡುತ್ತಾರೆ. ಮನೆಯವರು ಇದನ್ನು ಕಂಡು ಹೆದರುತ್ತಾರೆ, ‘ಮೂಗಿಗೆ ಪೈಪು ಹಾಕಿದ್ರು ಕಣಪ್ಪಾ, ಇನ್ನು ಮುಗೀತು’ ಅಂತ ಅಳುತ್ತಾರೆ. ಕೆಲವರು ಬೇಡವೆಂದು ಹಟ ಹಿಡಿದು ತೆಗೆಸುತ್ತಾರೆ. ನಳಿಗೆ ಸಾವಿನ ಗುರುತಲ್ಲ. ಕರುಳಿಗೆ ಕೆಲಸ ಕೊಡದಿದ್ದರೆ ಅದರ ಒಳಪದರ ಸೊರಗುತ್ತದೆ. ಅದಕ್ಕೇ ರಕ್ತನಾಳದ ಆಹಾರಕ್ಕಿಂತ ಹೊಟ್ಟೆಯ ಆಹಾರವೇ ಮೇಲು ಅಂತ ಡಾಕ್ಟರುಗಳು ಹೇಳೋದು.

ಒಂದು ಎಚ್ಚರಿಕೆ. ಹತ್ತು ದಿನ ನಾಟಿ ಔಷಧಿ, ಗಂಜಿನೀರಲ್ಲಿ ಕಳೆದು ಆಮೇಲೆ ಆಸ್ಪತ್ರೆಗೆ ತಂದವರಿಗೆ ಒಮ್ಮೆಗೇ ತುಂಬ ಕೊಡಬಾರದು. ಬರಗಾಲದಲ್ಲಿ ಸೊರಗಿದ ಎತ್ತಿಗೆ ಒಂದೇ ಸಲ ಕಾಳು ಸುರಿದರೆ ಏನಾಗುತ್ತದೆ ಅಂತ ನಮಗೆ ಗೊತ್ತು. ಮನುಷ್ಯರಲ್ಲಿ ರಕ್ತದ ರಂಜಕ, ಪೊಟ್ಯಾಸಿಯಂ ಕುಸಿದು ಹೃದಯಕ್ಕೇ ಕುತ್ತು ಬರಬಹುದು. ಅಳೆದು, ದಿನದಿನಕ್ಕೆ ಏರಿಸಬೇಕು.

ಸಕ್ಕರೆ ವಿಷಯಕ್ಕೂ ಗಾಬರಿ ಬೇಡ. ಎಂದೂ ಸಕ್ಕರೆ ಕಾಯಿಲೆ ಇಲ್ಲದವರಿಗೂ ದೊಡ್ಡ ಗಾಯದಲ್ಲಿ, ದೊಡ್ಡ ಕಾಯಿಲೆಯಲ್ಲಿ ರಕ್ತದ ಸಕ್ಕರೆ ಏರುತ್ತದೆ, ಇನ್ಸುಲಿನ್ ಮಾತು ಕೇಳುವುದಿಲ್ಲ. ಹಾಗಂತ ಊಟ ಕಡಿಮೆ ಮಾಡುವುದಲ್ಲ, ಇನ್ಸುಲಿನ್ ಕೊಡುವುದು. ಅದನ್ನೂ ತೀರಾ ಬಿಗಿ ಹಿಡಿಯಬಾರದು. 2001ರಲ್ಲಿ ಬೆಲ್ಜಿಯಂನ ವೈದ್ಯರು ಬಿಗಿ ಹತೋಟಿಯೇ ಒಳ್ಳೆಯದೆಂದು ತೋರಿಸಿದ್ದರು. 2009ರಲ್ಲಿ ಆರು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲಿನ ನೈಸ್-ಶುಗರ್ ಅಧ್ಯಯನದಲ್ಲಿ ಬಿಗಿ ಹಿಡಿದ ಗುಂಪಿನಲ್ಲೇ ಹೆಚ್ಚು ಜನ ಸತ್ತರು. ಈಗ ಸಾಮಾನ್ಯವಾಗಿ 180ರ ಒಳಗಿದ್ದರೆ ಸಾಕು ಅನ್ನುತ್ತಾರೆ.

ಒಲೆಯ ಉರಿಯನ್ನೇ ತಗ್ಗಿಸುವ ದಾರಿಗಳೂ ಇವೆ. ಯುಗೊಸ್ಲಾವಿಯಾದ, ಅಂದರೆ ಈಗಿನ ಸ್ಲೊವೇನಿಯಾದ ಮಾರಿಬೋರ್ ಊರಿನ ಜೋರಾ ಯಾನ್ಜೆಕೊವಿಚ್ ಎಂಬ ಡಾಕ್ಟರಮ್ಮ ಸತ್ತ ಚರ್ಮ ತಾನಾಗಿ ಉದುರುವವರೆಗೆ ಕಾಯದೆ, ಮೊದಲ ಕೆಲವೇ ದಿನಗಳಲ್ಲಿ ಪದರಪದರವಾಗಿ ಹೆರೆದು ರೋಗಿಯದೇ ಚರ್ಮ ಕಸಿ ಮಾಡಿದರು. 1970ರಲ್ಲಿ ಅವರು ಇದನ್ನು ಪ್ರಕಟಿಸಿದ ಮೇಲೆ ಜಗತ್ತೇ ಆ ದಾರಿ ಹಿಡಿಯಿತು. ಗಾಯ ಮುಚ್ಚಿದಷ್ಟೂ ಉರಿ ತಗ್ಗುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯದ ವಾರ್ಡಿನ ಜೊತೆಗೆ ಚರ್ಮನಿಧಿಯೂ ಇದೆ. ಕಣ್ಣಿನ ಹಾಗೆ ಚರ್ಮವನ್ನೂ ಸತ್ತ ಮೇಲೆ ದಾನ ಮಾಡಬಹುದು ಅನ್ನೋದು ನಮ್ಮ ಹಳ್ಳಿಗಳಲ್ಲಿ ಬಹಳ ಜನಕ್ಕೆ ತಿಳಿಯದು. ಬಿ.ಪಿ.ಗೆ ಕೊಡುವ ಹಳೆಯ ಪ್ರೊಪ್ರನೊಲಾಲ್ ಮಾತ್ರೆ ಎದೆಬಡಿತ ಇಳಿಸುವುದರ ಜೊತೆಗೆ ಮಾಂಸ ಕರಗುವುದನ್ನೂ ತಡೆಯುತ್ತದೆ ಅಂತ 2001ರಲ್ಲಿ ಅಮೆರಿಕದ ಗ್ಯಾಲ್ವೆಸ್ಟನ್‌ನಲ್ಲಿ ಸುಟ್ಟ ಮಕ್ಕಳಲ್ಲಿ ಕಂಡುಕೊಂಡರು. ಇದು ಡಾಕ್ಟರು ನೋಡಿ ಕೊಡಬೇಕಾದ್ದು, ಅಂಗಡಿಯಲ್ಲಿ ಕೇಳಿ ನುಂಗುವುದಲ್ಲ. ಮೆಡಿಕಲ್ ಷಾಪಿನ ದುಬಾರಿ ಪುಡಿಗಳ ಮಾತೂ ಹೇಳಿಬಿಡುತ್ತೇನೆ. ಗ್ಲುಟಮಿನ್ ಪುಡಿಯ ಬಗ್ಗೆ ಬಹಳ ಆಸೆ ಇತ್ತು. ಸುಮಾರು 1200 ಸುಟ್ಟ ರೋಗಿಗಳಲ್ಲಿ ಪರೀಕ್ಷೆ ಮಾಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದರಿಂದ ರೋಗಿ ಬೇಗ ಮನೆಗೆ ಹೋದದ್ದು ಕಾಣಲಿಲ್ಲ. ಡಾಕ್ಟರು ಬರೆಯದಿದ್ದರೆ ಆ ದುಡ್ಡಿಗೆ ಹಾಲು, ಮೊಟ್ಟೆ ತನ್ನಿ.

ನಮ್ಮ ಗಡಿಯವರಿಗೆ ಇನ್ನೊಂದು ತೊಡಕಿದೆ. ಮನೆಗೆ ಕಳಿಸುವಾಗ ಕೊಡುವ ಊಟದ ಚೀಟಿ ತೆಲುಗಿನಲ್ಲಿ, ಔಷಧಿ ಚೀಟಿ ಇಂಗ್ಲಿಷಿನಲ್ಲಿ. ಮನೆಯಲ್ಲಿ ಅಡುಗೆ ಮಾಡುವ ಅತ್ತೆಗೋ ತಾಯಿಗೋ ಬರೋದು ಕನ್ನಡದ ಓದು ಮಾತ್ರ. ಆಡುವ ತೆಲುಗು ಬರುತ್ತದೆ, ಅಕ್ಷರ ಬರುವುದಿಲ್ಲ. ಅಂಥ ಚೀಟಿಗಳನ್ನು ನಾನು ಓದಿ ಹೇಳಿದ್ದೇನೆ. ‘ಪಾಲು’ ಅಂತ ಬರೆದಿರುತ್ತದೆ. ತೆಲುಗಿನಲ್ಲಿ ಅದು ಹಾಲು, ಕನ್ನಡದಲ್ಲಿ ಹಂಚಿಕೆ. ಹೆಂಗಸರ ವಿಷಯದಲ್ಲಿ ಎರಡೂ ಅರ್ಥ ನಿಜ. ಸುಟ್ಟುಕೊಂಡು ಬಂದ ಸೊಸೆಯ ಪಾಲಿಗೆ ಹಾಲು ಬರೋದು ಎಲ್ಲರ ಕಾಫಿ ಆದ ಮೇಲೆ. ಊಟದ ಚೀಟಿಯನ್ನು ಮೂರು ಭಾಷೆಯಲ್ಲಿ ಅಚ್ಚು ಹಾಕಲು ಎಷ್ಟು ಖರ್ಚಾಗುತ್ತದೆ? ಮಡಕಶಿರಾ 2022ರಲ್ಲಿ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾಗಿದೆ, ಚೀಟಿ ಹಾಗೇ ಇದೆ.

ಮನೆಗೆ ಬಂದ ಕೂಡಲೇ ಒಲೆ ಆರಿತು ಅಂದುಕೊಳ್ಳಬಾರದು. ಗಾಯ ಮಾಯ್ದ ಮೇಲೂ ಒಂದೆರಡು ವರ್ಷ ಈ ಉರಿ ಉಳಿಯಬಹುದು, ಮಕ್ಕಳಾದರೆ ಎತ್ತರ ಬೆಳೆಯುವುದೇ ಹಿಂದೆ ಬೀಳುತ್ತದೆ. ಊಟದ ಜೊತೆ ಕೈಕಾಲು ಆಡಿಸುವ ವ್ಯಾಯಾಮ ಬೇಕು. ಇಲ್ಲದಿದ್ದರೆ ತಿಂದದ್ದು ಮಾಂಸವಾಗದೆ ಕೊಬ್ಬಾಗುತ್ತದೆ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಬೇಕು. ನಮ್ಮ ಫ್ಯೂಸಿನ ರೈತ ಕಡಲೆಕಾಯಿ ವ್ಯಾಪಾರಿಯ ತೂಕದ ಯಂತ್ರದ ಮೇಲೆ ಪ್ರತಿ ಸೋಮವಾರ ನಿಲ್ಲುತ್ತಾನೆ. ಗೋಡೆಯ ಕ್ಯಾಲೆಂಡರಿನಲ್ಲಿ ಅಂಕಿ ಬರೆಯೋದು ಅವನ ಮಗಳು. ಇಳಿದ ವಾರ ಅವನ ತಟ್ಟೆಗೆ ಎರಡು ಮೊಟ್ಟೆ ಜಾಸ್ತಿ ಬೀಳುತ್ತವೆ.