ಬರನಾಡಿನ ಹಿತ್ತಲಲ್ಲಿ ಜಡಿಮಳೆ

ಕೋಲಾರದ ಸೀಮೆಯಲ್ಲಿ ಮಳೆಯನ್ನು ದೂರುವುದು ಒಂದು ಬಗೆಯ ಕೃತಘ್ನತೆಯೆಂದೇ ಜನ ಭಾವಿಸುವರು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ, ಪೂರ್ವಿಕರು ಕಟ್ಟಿದ ಕೆರೆಗಳನ್ನೇ ನೆಚ್ಚಿ ಬಾಳಿದ, ವರ್ಷಕ್ಕೆ ಸುಮಾರು 700 ಮಿಲಿಮೀಟರಿನಷ್ಟು ಮಳೆಯನ್ನು ಮಾತ್ರ ಕಾಣುವ ಈ ಕೆಂಪು ನೆಲದಲ್ಲಿ, ಬಂಗಾರಪೇಟೆಯ ಹಿತ್ತಲುಗಳಲ್ಲಾಗಲಿ, ಚಿನ್ನದ ಗಣಿಯ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳ ಮನೆಯಂಗಳಗಳಲ್ಲಾಗಲಿ ಗಿಡ ಬೆಳೆಸುವವರು ಕಲಿತ ವಿದ್ಯೆಯೆಲ್ಲ ನೀರನ್ನು ತಂದು ನಿಲ್ಲಿಸುವ ವಿದ್ಯೆಯೇ ಆಗಿದೆ: ಗಿಡದ ಬುಡದಲ್ಲಿ ತಗ್ಗಾದ ಪಾತಿ, ಪಾತಿಗೊಂದು ಮಣ್ಣಿನ ಕಟ್ಟೆ, ಪಾತ್ರೆ ತೊಳೆದ ನೀರು ಹರಿದು ಬರಲೊಂದು ಸಣ್ಣ ಕಾಲುವೆ. ಗಣಿಗಳಿಗೇ ಪಾಲಾರಿನ ಬೇತಮಂಗಲದ ಕೆರೆಯಿಂದ ನೀರನ್ನು ಸಾಗಿಸಿ ತರಬೇಕಾಗಿದ್ದ ಊರಿನಲ್ಲಿ ಇಂತಹ ಮಿತವ್ಯಯ ಸಹಜವಾದುದು, ಶ್ಲಾಘ್ಯವೂ ಹೌದು. ಆದರೆ ನೀರನ್ನು ಹಿಡಿದಿಡಲೆಂದು ರಚಿತವಾದ ಆ ಪಾತಿಯೇ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಜಡಿಮಳೆ ಹಿಡಿದ ದಿನಗಳಲ್ಲಿ, ಗಿಡದ ಪಾಲಿಗೆ ಮೃತ್ಯುಕೂಪವಾಗುತ್ತದೆ.

ಬೇರು ನೀರನ್ನು ಕುಡಿಯುತ್ತದೆಂಬುದನ್ನು ಎಲ್ಲರೂ ಬಲ್ಲರು. ಅದು ಉಸಿರಾಡುತ್ತದೆಂಬುದನ್ನು ನೆನೆಯುವವರು ವಿರಳ. ಮಣ್ಣಿನ ಕಣಗಳ ನಡುವಣ ಸೂಕ್ಷ್ಮರಂಧ್ರಗಳಲ್ಲಿ ಗಾಳಿಯಿರುವವರೆಗೆ ಬೇರಿಗೆ ಆಮ್ಲಜನಕ ದೊರೆಯುತ್ತದೆ. ಆ ರಂಧ್ರಗಳನ್ನು ನೀರು ತುಂಬಿತೆಂದರೆ, ನೀರಿನಲ್ಲಿ ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಾಲು ನಿಧಾನವಾಗಿ ಹರಡುವುದರಿಂದ, ಬೇರು ಉಸಿರುಕಟ್ಟಿ ತನ್ನ ಕಾರ್ಯವನ್ನೇ ನಿಲ್ಲಿಸಿಬಿಡುತ್ತದೆ. ನೀರಿನಲ್ಲೇ ನಿಂತ ಬದನೆ, ಮೆಣಸಿನ ಗಿಡಗಳು ಮಳೆ ಬಿಟ್ಟು ಬಿಸಿಲು ಬಿದ್ದೊಡನೆ ಎಲೆ ಜೋಲುಬಿಟ್ಟು ಬಾಡುವುದು ಇದರಿಂದಲೇ. ಬಾಡಿದ ಗಿಡವನ್ನು ಕಂಡ ಗೃಹಿಣಿಯು ಕನಿಕರದಿಂದ ಮತ್ತೊಂದು ಕೊಡ ನೀರೆರೆದರೆ ಉಳಿದಿದ್ದ ಬೇರೂ ಕೊಳೆಯುವುದು. ಬಾಡಿದ ಗಿಡಕ್ಕೆ ನೀರೆರೆಯುವ ಮುನ್ನ ಬೆರಳನ್ನು ಮಣ್ಣಿಗಿಳಿಸಿ ನೋಡುವ ಅಭ್ಯಾಸವೊಂದೇ ಎಷ್ಟೋ ಗಿಡಗಳನ್ನು ಉಳಿಸಬಲ್ಲುದು.

ಆದರೂ ನನ್ನ ಎಣಿಕೆಯಲ್ಲಿ ನಮ್ಮ ಸೀಮೆಯ ತೋಟಕ್ಕೆ ಹೆಚ್ಚಿನ ಶತ್ರು ತೇವವಲ್ಲ, ತೇವದ ಅಸ್ಥಿರತೆ. ಮೂರು ವಾರ ಒಣಗಿದ ನೆಲದಲ್ಲಿ ಬಿಗಿಯಾಗಿ ಬಲಿತ ಟೊಮೇಟೊ ಹಣ್ಣಿನ ಸಿಪ್ಪೆಯು, ಒಂದೇ ರಾತ್ರಿಯ ಬಿರುಮಳೆಯಲ್ಲಿ ಬೇರು ಹೀರಿ ಮೇಲಕ್ಕೆ ಕಳುಹಿಸಿದ ನೀರಿನ ಒತ್ತಡವನ್ನು ತಾಳಲಾರದೆ ಬಿರಿಯುತ್ತದೆ. ಒಮ್ಮೆ ಬರ, ಒಮ್ಮೆ ನೆರೆ ಎಂಬಂತೆ ನೀರು ದೊರೆತಾಗ, ನೀರಿನೊಡನೆಯೇ ಏರಬೇಕಾದ ಸುಣ್ಣಾಂಶವು ಕಾಯಿಗೆ ಸರಿಯಾಗಿ ತಲುಪದೆ ಅದರ ತುದಿ ಕಪ್ಪಾಗಿ ಕೊಳೆಯುತ್ತದೆ. ಹೊಡೆತದ ಮಳೆಗೆ ಕೆಂಪುಮಣ್ಣಿನ ಮೇಲ್ಪದರವು ಕದಡಿ, ಮರುದಿನದ ಬಿಸಿಲಿಗೆ ರೊಟ್ಟಿಯ ಹೊಪ್ಪಳಿಕೆಯಂತೆ ಗಟ್ಟಿಗಟ್ಟಿ, ಆಗತಾನೆ ಮೊಳೆತ ಸೊಪ್ಪಿನ ಬೀಜಗಳು ತಲೆಯೆತ್ತಲಾರದೆ ಒಳಗೇ ಸಾಯುವುವು.

2021ರ ನವೆಂಬರಿನ ಮಳೆಯನ್ನು ಈ ಜಿಲ್ಲೆಯ ಜನ ಬೇಗ ಮರೆಯಲಾರರು. ವರ್ಷಗಟ್ಟಲೆ ಬತ್ತಿದ್ದ ಕೆರೆಗಳು ತುಂಬಿ ಕೋಡಿ ಹರಿದಾಗ ಬಾಗಿನ ಅರ್ಪಿಸಿದ ಊರುಗಳಲ್ಲಿಯೇ, ಹೊಲದ ಟೊಮೇಟೊ ಹೊಲದಲ್ಲಿಯೇ ಕೊಳೆಯಿತು. 2022ರ ಡಿಸೆಂಬರಿನ ಮಾಂಡೌಸ್, 2024ರ ಫೆಂಗಲ್ ಚಂಡಮಾರುತಗಳು ತಮಿಳುನಾಡಿನ ತೀರವನ್ನು ಮುಟ್ಟಿದಾಗಲೂ ಇಲ್ಲಿ ದಿನಗಟ್ಟಲೆ ಮೋಡ, ಸೋನೆ, ಶೀತಗಾಳಿ ತಪ್ಪಲಿಲ್ಲ. ಸಮುದ್ರಮಟ್ಟಕ್ಕೆ 800 ಮೀಟರಿಗೂ ಮೇಲಿರುವ ಈ ಊರುಗಳ ಅಂತಹ ಶೀತಲವಾದ ಮಬ್ಬುದಿನಗಳೇ ಅಂಗಮಾರಿ ರೋಗಕ್ಕೆ ಅತ್ಯಂತ ಪ್ರಿಯ. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯನ್ನು ನಾಶಗೊಳಿಸಿ ಆ ದೇಶವನ್ನು ಕ್ಷಾಮಕ್ಕೆ ನೂಕಿದ ಜೀವಿಯೇ ನಮ್ಮ ಹಿತ್ತಲಿನ ಟೊಮೇಟೊ ಎಲೆಯ ಮೇಲೂ ನೀರಲ್ಲಿ ನೆನೆದಂತಹ ಕಂದುಕಲೆಯಾಗಿ ಕಾಣಿಸಿಕೊಂಡು, ಕೆಲವೇ ದಿನಗಳಲ್ಲಿ ಗಿಡವನ್ನು ಸುಟ್ಟಂತೆ ಮಾಡುತ್ತದೆ. ಎಲೆ ಒಣಗಿರುವವರೆಗೆ ಅದರ ಬೀಜಕಣಗಳು ಮೊಳೆಯಲಾರವು. ಆದುದರಿಂದ ಗಿಡಗಳ ನಡುವೆ ಗಾಳಿಯಾಡುವಷ್ಟು ಅಂತರವಿಟ್ಟು, ಕೋಲು ನೆಟ್ಟು ಕಟ್ಟಿ, ನೆಲ ಮುಟ್ಟುವ ಎಲೆಗಳನ್ನು ಕಿತ್ತುಹಾಕುವುದು ಮೊದಲ ಚಿಕಿತ್ಸೆ.

ಎರಡನೆಯದು ಬೋರ್ಡೋ ದ್ರಾವಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು ಕಳೆದ ಶತಮಾನದ ಆದಿಯಲ್ಲಿ ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಇದನ್ನೇ ಬಳಕೆಗೆ ತಂದರು. 100 ಗ್ರಾಂ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲಿಯೂ, 100 ಗ್ರಾಂ ಸುಣ್ಣವನ್ನು ಇನ್ನೊಂದು 5 ಲೀಟರಿನಲ್ಲಿಯೂ ಪ್ಲಾಸ್ಟಿಕ್ ಬಕೆಟ್ಟುಗಳಲ್ಲಿ ಬೇರೆಬೇರೆಯಾಗಿ ಕರಗಿಸಿ, ಬಳಿಕ ಕೂಡಿಸಬೇಕು. ಥಳಥಳಿಸುವ ಚಾಕುವೊಂದನ್ನು ಅದ್ದಿ ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಕಟ್ಟಿದರೆ ಇನ್ನಷ್ಟು ಸುಣ್ಣ ಬೇಕೆಂದು ತಿಳಿಯತಕ್ಕದ್ದು. ರೋಗ ಹತ್ತಿದ ಮೇಲಲ್ಲ, ಮೋಡ ಕವಿಯುವ ಮುನ್ನವೇ ಸಿಂಪಡಿಸಿದರೆ ಇದು ಫಲಿಸುವುದು.

ಗಣಿಯ ಬಳಿಯ ಮನೆಗಳಿಗೆ ಮತ್ತೊಂದು ಕಷ್ಟವುಂಟು. 2001ರಲ್ಲಿ ಗಣಿಗಳು ಮುಚ್ಚಿದುವಾದರೂ, ಶತಮಾನಕ್ಕೂ ಮೀರಿ ಚಿನ್ನ ತೆಗೆದು ಸುರಿದ ಪುಡಿಯ ಸಯನೈಡ್ ದಿಬ್ಬಗಳು ಬೆಟ್ಟಗಳಂತೆ ಉಳಿದಿವೆ. ಬೇಸಗೆಯ ಗಾಳಿಗೆ ಅವು ದೂಳಾಗಿ ಹಾರಿದರೆ, ಮಳೆಗೆ ಕೊರೆದು ಹರಿದು ಬರುವುವು. ಆ ನೀರು ನುಗ್ಗುವ ಕಡೆ ಕೈತೋಟದ ಸೊಪ್ಪುತರಕಾರಿಗಳನ್ನು ನೆಲದಲ್ಲಿ ಬೆಳೆಯದೆ, ಹೊರಗಿನ ಒಳ್ಳೆಯ ಮಣ್ಣು ಗೊಬ್ಬರ ತುಂಬಿದ ಎತ್ತರದ ತೊಟ್ಟಿಗಳಲ್ಲಿ ಬೆಳೆಯುವುದೇ ಕ್ಷೇಮ. ಚಿನ್ನವನ್ನು ನಾಡಿಗೆಲ್ಲ ಕೊಟ್ಟ ಜನರಿಗೆ ಅದರ ಕಸ ಮಾತ್ರ ಉಳಿದಿರುವುದು ನ್ಯಾಯವಲ್ಲವೆಂದು ಹೇಳದೆ ಮುಂದುವರಿಯಲಾರೆ.

ಉಳಿದ ಹಿತ್ತಲುಗಳಲ್ಲಿ, ಬೇಸಗೆಯ ತಗ್ಗುಪಾತಿಗಳನ್ನು ಚಿತ್ತೆಯ ಮಳೆಗೆ ಮೊದಲೇ ಮುಚ್ಚಿ, ಗೇಣೆತ್ತರದ ಏರುಮಡಿಗಳನ್ನು ಮಾಡಿ, ಮೇಲೆ ಒಣಹುಲ್ಲನ್ನೋ ತರಗನ್ನೋ ಹಾಸಿದರೆ, ಹನಿಯ ಹೊಡೆತವೂ ತಗ್ಗುವುದು, ಬಿಸಿಲು ಬಂದಾಗ ತೇವವೂ ಒಮ್ಮೆಗೇ ಹಾರಿಹೋಗದು. ಬೇಲಿಯ ಅವರೆಯ ಹೂವು ಮಾತ್ರ ಮಳೆಗೆ ಉದುರಿದರೆ ನಮ್ಮ ಕೈಯಲ್ಲೇನೂ ಇಲ್ಲ. ಹಗಲು ಕಿರಿದಾಗಿರುವವರೆಗೆ ಬಳ್ಳಿ ಮತ್ತೆ ಹೂಬಿಡುವುದರಿಂದ ಅದನ್ನು ಅವಸರಪಟ್ಟು ಕೀಳಬಾರದು. ಮಡಿಗಳ ನಡುವಿನ ಕಾಲುವೆಯನ್ನು ತೆಂಗಿನ ಬುಡದಿಂದ ತುಸು ದೂರದ ಇಂಗುಗುಂಡಿಗೆ ತಿರುಗಿಸಿದರೆ, ನವೆಂಬರಿನಲ್ಲಿ ಬೇಡವಾದ ನೀರು ನೆಲದಾಳಕ್ಕಿಳಿಯುವುದು.