ಟ್ರೈಲರಿನ ಬ್ರೇಕ್ ದೀಪ ಉರಿಯುತ್ತಿಲ್ಲವೇ? ದೋಷ ಪತ್ತೆ ಮಾಡುವ ಕ್ರಮ

ಬೆಳೆ ಬೆಳೆದು ರಾಶಿ ಹಾಕಿದ ಮಾತ್ರಕ್ಕೆ ರೈತನ ಕೆಲಸ ಮುಗಿಯುವುದಿಲ್ಲ. ಬೆಳೆಯುವುದು ಒಂದು ಪಾಲಾದರೆ, ಬೆಳೆದದ್ದನ್ನು ಕ್ಷೇಮವಾಗಿ ಮಾರುಕಟ್ಟೆ ಮುಟ್ಟಿಸಿ ತಾನೂ ಕ್ಷೇಮವಾಗಿ ಮನೆ ಸೇರುವುದು ಇನ್ನೊಂದು ಪಾಲು. ಶ್ರೀನಿವಾಸಪುರದ ಮಂಡಿಗಳಿಗೆ ಮೇ ತಿಂಗಳಿಂದ ಜುಲೈವರೆಗೆ ಮಾವು ಬರುತ್ತದೆ. ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆಗೆ ಟೊಮೇಟೊ ಬರುತ್ತದೆ. ಮಾಲೂರಿನ ಕಡೆ ಇಟ್ಟಿಗೆ, ಹೆಂಚು, ಮಣ್ಣು ಸಾಗುತ್ತವೆ. ಮುಳಬಾಗಿಲಿನ ಹೊಲಗಳಿಗೆ ಬೇಸಿಗೆಯಲ್ಲಿ ಕೆರೆಗೋಡು, ಕೊಟ್ಟಿಗೆ ಗೊಬ್ಬರ ಹೋಗುತ್ತವೆ. ಈ ಸಾಗಾಣಿಕೆಯ ದೊಡ್ಡ ಭಾಗ ನಡೆಯುವುದು ಟ್ರ್ಯಾಕ್ಟರಿನ ಟ್ರೈಲರಿನಲ್ಲಿಯೇ.

ಇವುಗಳಲ್ಲಿ ಎಷ್ಟೋ ಟ್ರೈಲರುಗಳು ಕತ್ತಲಾದ ಮೇಲೆ, ಇಲ್ಲವೆ ಡಿಸೆಂಬರ್-ಜನವರಿಯ ಬೆಳಗಿನ ಮಂಜಿನಲ್ಲಿ, ಹಿಂಬದಿಗೆ ಒಂದು ದೀಪವೂ ಇಲ್ಲದೆ ರಸ್ತೆಗೆ ಇಳಿಯುತ್ತವೆ. ಬೆಂಗಳೂರಿನಿಂದ ಕೋಲಾರ, ಮುಳಬಾಗಿಲು ಮಾರ್ಗವಾಗಿ ಹೋಗುವ 75ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಇದರ ಪರಿಣಾಮ ಏನಾದೀತು ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ನಿಮ್ಮ ಟ್ರ್ಯಾಕ್ಟರ್ ಗಂಟೆಗೆ 20 ಕಿ.ಮೀ. ವೇಗದಲ್ಲಿದೆ, ಹಿಂದಿನಿಂದ ಬರುವ ಕಾರು 80 ಕಿ.ಮೀ. ವೇಗದಲ್ಲಿದೆ. ಇವೆರಡರ ನಡುವೆ 100 ಮೀಟರ್ ಅಂತರವಿದ್ದರೆ ಆ ಅಂತರ ಕೇವಲ 6 ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಕಾರಿನವನಿಗೆ ಟ್ರೈಲರ್ ಕಾಣುವುದೇ 30 ಮೀಟರ್ ದೂರದಲ್ಲಿ ಎಂದಾದರೆ ಅವನಿಗೆ ಸಿಗುವುದು 2 ಸೆಕೆಂಡೂ ಇಲ್ಲ. ಒಂದು ವರ್ಷದ ದುಡಿಮೆ ಮಾತ್ರವಲ್ಲ, ಟ್ರೈಲರಿನ ಮೇಲೆ ಕುಳಿತ ಮನೆಯವರ ಪ್ರಾಣವೂ ಆ ಒಂದು ಕೆಂಪು ದೀಪವನ್ನು ಅವಲಂಬಿಸಿರುತ್ತದೆ.

ದೀಪ ಉರಿಯದಿದ್ದಾಗ ಬಲ್ಬು ಬದಲಾಯಿಸಿ ನೋಡುವುದು, ಆಗಲೂ ಉರಿಯದಿದ್ದರೆ ‘ಆಮೇಲೆ ನೋಡೋಣ’ ಎಂದು ಬಿಟ್ಟುಬಿಡುವುದು ಸಾಮಾನ್ಯ. ಕ್ರಮವಾಗಿ ಹುಡುಕಿದರೆ ಈ ದೋಷಗಳಲ್ಲಿ ಹೆಚ್ಚಿನವನ್ನು ರೈತನೇ ಅರ್ಧ ಗಂಟೆಯಲ್ಲಿ ಪತ್ತೆ ಮಾಡಬಹುದು.

ದೀಪಕ್ಕೆ ವಿದ್ಯುತ್ ಬರುವ ದಾರಿ

ಕಾಲುವೆಯ ನೀರು ಗದ್ದೆ ತಲುಪಿದರೆ ಸಾಕು, ತಿರುಗಿ ಬರಬೇಕಾಗಿಲ್ಲ. ವಿದ್ಯುತ್ತು ಹಾಗಲ್ಲ. ಅದು ಬ್ಯಾಟರಿಯಿಂದ ಹೊರಟು ದೀಪವನ್ನು ಹಾಯ್ದು ಮತ್ತೆ ಬ್ಯಾಟರಿಗೇ ಮರಳಬೇಕು. ಹೋಗುವ ದಾರಿ ಹೀಗಿದೆ: 12 ವೋಲ್ಟ್ ಬ್ಯಾಟರಿ, ಫ್ಯೂಸ್, ಬ್ರೇಕ್ ಪೆಡಲಿನ ಬಳಿ ಇರುವ ಸ್ವಿಚ್, ಟ್ರ್ಯಾಕ್ಟರಿನ ಹಿಂಬದಿಯ ಸಾಕೆಟ್, ಟ್ರೈಲರಿನ ಪ್ಲಗ್ ಮತ್ತು ವೈರು, ಕೊನೆಗೆ ಬಲ್ಬು. ಮರಳುವ ದಾರಿಗೆ ಅರ್ಥ್ ಎನ್ನುತ್ತಾರೆ. ಹೋಗುವ ದಾರಿ ಎಷ್ಟೇ ಚೆನ್ನಾಗಿದ್ದರೂ ಮರಳುವ ದಾರಿ ಕಡಿದಿದ್ದರೆ ದೀಪ ಉರಿಯುವುದಿಲ್ಲ.

ಟ್ರೈಲರನ್ನು ಸಿಕ್ಕಿಸುವ ಕೊಕ್ಕೆ ಮತ್ತು ಪಿನ್ನಿನ ಮೂಲಕವೇ ಅರ್ಥ್ ಸಿಗುತ್ತದೆಂದು ನಂಬಿ ಪ್ರತ್ಯೇಕ ವೈರು ಹಾಕದೆ ಬಿಡುವವರಿದ್ದಾರೆ. ಆ ಪಿನ್ನಿನ ಮೇಲೆ ತುಕ್ಕು, ಗ್ರೀಸ್, ಕೆಮ್ಮಣ್ಣಿನ ಧೂಳು ಕೂಡಿಕೊಂಡಿರುತ್ತವೆ. ಟ್ರೈಲರ್ ಕುಲುಕಿದಾಗ ಸಂಪರ್ಕ ಒಮ್ಮೆ ಸಿಗುತ್ತದೆ, ಒಮ್ಮೆ ತಪ್ಪುತ್ತದೆ. ಆದುದರಿಂದ ಅರ್ಥ್‌ಗೆಂದು ಒಂದು ಪ್ರತ್ಯೇಕ ತಾಮ್ರದ ವೈರು ಇರಲೇಬೇಕು.

ಏಳು ಪಿನ್ನಿನ ಸಾಕೆಟ್

ಟ್ರೈಲರ್ ದೀಪಗಳಿಗೆ ರೂಢಿಯಲ್ಲಿರುವುದು ಏಳು ಪಿನ್ನುಗಳ ಸಾಕೆಟ್. ಅಂತರರಾಷ್ಟ್ರೀಯ ಕ್ರಮದಂತೆ 1ನೆಯ ಪಿನ್ ಎಡ ಇಂಡಿಕೇಟರಿಗೆ, 3ನೆಯದು ಅರ್ಥ್‌ಗೆ, 4ನೆಯದು ಬಲ ಇಂಡಿಕೇಟರಿಗೆ, 5ನೆಯದು ಬಲಬದಿಯ ಹಿಂದೀಪಕ್ಕೆ, 6ನೆಯದು ಬ್ರೇಕ್ ದೀಪಕ್ಕೆ, 7ನೆಯದು ಎಡಬದಿಯ ಹಿಂದೀಪಕ್ಕೆ. 2ನೆಯ ಪಿನ್ ಮಂಜುದೀಪಕ್ಕೆ ಅಥವಾ ಬೇರೆ ಉಪಯೋಗಕ್ಕೆ ಮೀಸಲು. ಆದರೆ ಊರಿನಲ್ಲಿ ಒಂದೆರಡು ಬಾರಿ ರಿಪೇರಿಯಾದ ಟ್ರೈಲರಿನಲ್ಲಿ ಈ ಕ್ರಮವೂ, ವೈರಿನ ಬಣ್ಣವೂ ಬದಲಾಗಿರಬಹುದು. ಬಣ್ಣವನ್ನು ನಂಬದೆ ಪ್ರತಿಯೊಂದು ಪಿನ್ನನ್ನೂ ಪರೀಕ್ಷಿಸಿಯೇ ತೀರ್ಮಾನಿಸತಕ್ಕದ್ದು.

ಬೇಕಾಗುವ ಸಾಮಾನು

21 ವ್ಯಾಟಿನ ಒಂದು 12 ವೋಲ್ಟ್ ಬಲ್ಬನ್ನು ಹೋಲ್ಡರಿಗೆ ಹಾಕಿ, ಅದಕ್ಕೆ ಎರಡು ಉದ್ದ ವೈರು ಜೋಡಿಸಿ. ಒಂದರ ತುದಿಗೆ ಕ್ಲಿಪ್ಪು, ಇನ್ನೊಂದರ ತುದಿಗೆ ಮೊಳೆಯಂಥ ಚೂಪು ಕಡ್ಡಿ ಇರಲಿ. ಇದೇ ಟೆಸ್ಟ್ ಲ್ಯಾಂಪ್. ಮೀಟರ್ ಇದ್ದರೆ ಒಳ್ಳೆಯದೇ. ಆದರೆ ಈ ಕೆಲಸಕ್ಕೆ ಬಲ್ಬೇ ಹೆಚ್ಚು ನಂಬಿಕೆಯದು. ಕಿಲುಬು ಹಿಡಿದ ಜೋಡಣೆಯೊಂದು ಮೀಟರಿಗೆ 12 ವೋಲ್ಟ್ ತೋರಿಸಿಯೂ ಬಲ್ಬನ್ನು ಉರಿಸಲಾರದೆ ಹೋಗಬಹುದು. ಭಾರ ಹೊರಿಸಿದಾಗಲೇ ಎತ್ತಿನ ಶಕ್ತಿ ತಿಳಿಯುವಂತೆ, ಬಲ್ಬು ಉರಿಸಿದಾಗಲೇ ವೈರಿನ ಯೋಗ್ಯತೆ ತಿಳಿಯುತ್ತದೆ. ಇದಲ್ಲದೆ ಉಜ್ಜುಕಾಗದ, ಹೊಸ ಫ್ಯೂಸ್, ಇನ್ಸುಲೇಷನ್ ಟೇಪ್ ಹಾಗೂ ಪೆಡಲ್ ತುಳಿಯಲು ಒಬ್ಬರ ಸಹಾಯ ಬೇಕು.

ಪರೀಕ್ಷೆಯ ಕ್ರಮ

ಮೊದಲನೆಯದಾಗಿ, ಟ್ರ್ಯಾಕ್ಟರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಚಕ್ರಗಳಿಗೆ ಕಲ್ಲು ಕೊಡಿ. ಇಂಜಿನ್ ನಿಂತಿರಲಿ. ಟ್ರೈಲರಿನ ಪ್ಲಗ್ ಕಳಚಿ. ಹೀಗೆ ಮಾಡುವುದರಿಂದ ದೋಷ ಟ್ರ್ಯಾಕ್ಟರಿನಲ್ಲಿದೆಯೋ ಟ್ರೈಲರಿನಲ್ಲಿದೆಯೋ ಎಂಬುದು ಮೊದಲೇ ಇತ್ಯರ್ಥವಾಗುತ್ತದೆ.

ಎರಡನೆಯದಾಗಿ, ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಸಾಕೆಟ್ಟಿನ ಅರ್ಥ್ ಪಿನ್ನಿಗೆ ಹಿಡಿಸಿ, ಕಡ್ಡಿಯನ್ನು ಬ್ರೇಕ್ ದೀಪದ ಪಿನ್ನಿಗೆ ಮುಟ್ಟಿಸಿ. ಕೀಲಿ ತಿರುಗಿಸಿ ಬ್ರೇಕ್ ತುಳಿಯಹೇಳಿ. ಬಲ್ಬು ಪ್ರಕಾಶವಾಗಿ ಉರಿದರೆ ಟ್ರ್ಯಾಕ್ಟರಿನಲ್ಲಿ ದೋಷವಿಲ್ಲ. ನೇರವಾಗಿ ಐದನೆಯ ಹಂತಕ್ಕೆ ಹೋಗಿ.

ಮೂರನೆಯದಾಗಿ, ಬಲ್ಬು ಉರಿಯದಿದ್ದರೆ ಕ್ಲಿಪ್ಪನ್ನು ತೆಗೆದು ಬ್ಯಾಟರಿಯ ನೆಗೆಟಿವ್ ತುದಿಗೆ ಹಿಡಿಸಿ ಮತ್ತೆ ನೋಡಿ. ಈಗ ಉರಿದರೆ ಸಾಕೆಟ್ಟಿನ ಅರ್ಥ್ ಕೆಟ್ಟಿದೆ ಎಂದು ಅರ್ಥ.

ನಾಲ್ಕನೆಯದಾಗಿ, ಆಗಲೂ ಉರಿಯದಿದ್ದರೆ ಫ್ಯೂಸ್ ನೋಡಿ. ಅದು ಸರಿಯಿದ್ದರೆ ಬ್ರೇಕ್ ಪೆಡಲಿನ ಸ್ವಿಚ್ಚಿಗೆ ಬನ್ನಿ. ಅದಕ್ಕೆ ಎರಡು ವೈರುಗಳಿರುತ್ತವೆ. ಕ್ಲಿಪ್ಪು ನೆಗೆಟಿವ್‌ನಲ್ಲೇ ಇರಲಿ. ಕೀಲಿ ತಿರುಗಿಸಿದಾಗ ಒಂದು ವೈರಿನಲ್ಲಿ ಬಲ್ಬು ಉರಿಯಬೇಕು. ಪೆಡಲ್ ತುಳಿದಾಗ ಎರಡರಲ್ಲೂ ಉರಿಯಬೇಕು. ತುಳಿದಾಗಲೂ ಒಂದರಲ್ಲೇ ಉರಿದರೆ ಸ್ವಿಚ್ ಕೆಟ್ಟಿದೆ, ಇಲ್ಲವೆ ಪೆಡಲ್ ಅದಕ್ಕೆ ತಾಕುತ್ತಿಲ್ಲ. ಯಾವುದರಲ್ಲೂ ಉರಿಯದಿದ್ದರೆ ಫ್ಯೂಸಿನಿಂದ ಸ್ವಿಚ್ಚಿನವರೆಗಿನ ವೈರು ಕಡಿದಿದೆ. ಎರಡರಲ್ಲೂ ಉರಿದರೆ ಸ್ವಿಚ್ಚಿನಿಂದ ಸಾಕೆಟ್ಟಿನವರೆಗಿನ ವೈರನ್ನು ಹುಡುಕಿ.

ಐದನೆಯದಾಗಿ, ಟ್ರೈಲರಿನ ಪ್ಲಗ್ ಸಿಕ್ಕಿಸಿ, ಬ್ರೇಕ್ ತುಳಿಸಿಟ್ಟು, ದೀಪದ ಹೋಲ್ಡರಿನ ಬಳಿ ಪರೀಕ್ಷಿಸಿ. ಕ್ಲಿಪ್ಪನ್ನು ಟ್ರ್ಯಾಕ್ಟರ್ ಚಾಸಿಯ ಬಣ್ಣ ಕೆರೆದ ಶುಭ್ರ ಲೋಹಕ್ಕೆ ಹಿಡಿಸಿ, ಕಡ್ಡಿಯನ್ನು ಹೋಲ್ಡರಿಗೆ ಬರುವ ವೈರಿಗೆ ಮುಟ್ಟಿಸಿ. ಟೆಸ್ಟ್ ಲ್ಯಾಂಪ್ ಉರಿದು ಟ್ರೈಲರ್ ದೀಪ ಮಾತ್ರ ಉರಿಯದಿದ್ದರೆ ದೋಷ ಬಲ್ಬು, ಹೋಲ್ಡರ್ ಅಥವಾ ಅರ್ಥ್‌ನಲ್ಲಿದೆ. ಒಂದು ವೈರಿನಿಂದ ಹೋಲ್ಡರಿನ ಲೋಹದ ಕವಚವನ್ನು ಬ್ಯಾಟರಿಯ ನೆಗೆಟಿವ್‌ಗೆ ಸೇರಿಸಿ ನೋಡಿ. ಥಟ್ಟನೆ ದೀಪ ಬೆಳಗಿದರೆ ಅರ್ಥ್ ದೋಷ ಖಚಿತ.

ಲಕ್ಷಣ ನೋಡಿ ರೋಗ ಗುರುತಿಸುವುದು

ಬೆಳೆಯ ಎಲೆ ನೋಡಿ ಯಾವ ಪೋಷಕಾಂಶದ ಕೊರತೆಯೆಂದು ಹೇಳುವಂತೆ ದೀಪಗಳ ವರ್ತನೆಯಿಂದಲೂ ದೋಷವನ್ನು ಊಹಿಸಬಹುದು.

ಇಂಡಿಕೇಟರ್ ಹಾಕಿದರೆ ಹಿಂದಿನ ದೀಪಗಳೆಲ್ಲ ಒಟ್ಟಿಗೆ ಮಿಣುಕುತ್ತವೆಯೇ? ಬ್ರೇಕ್ ತುಳಿದರೆ ಹಿಂದೀಪ ಮಂಕಾಗುತ್ತದೆಯೇ? ಅರ್ಥ್ ದೋಷವಿರುವುದು ಬಹುತೇಕ ಖಂಡಿತ. ಮರಳುವ ದಾರಿ ಸಿಗದ ವಿದ್ಯುತ್ತು ಬೇರೆ ಬಲ್ಬಿನ ತಂತಿಯ ಮೂಲಕ ನುಗ್ಗುವುದರಿಂದ ಹೀಗಾಗುತ್ತದೆ.

ಒಂದೇ ದೀಪ ಉರಿಯುವುದಿಲ್ಲವೇ? ಬಲ್ಬು, ಹೋಲ್ಡರ್ ಅಥವಾ ಆ ಬದಿಯ ವೈರು ನೋಡಿ. ಇಂಡಿಕೇಟರ್ ಅತಿ ವೇಗವಾಗಿ ಮಿಣುಕಿದರೆ ಸಾಮಾನ್ಯವಾಗಿ ಒಂದು ಬಲ್ಬು ಸುಟ್ಟಿರುತ್ತದೆ. ಹಳೆಯ ಬಲ್ಬಿನ ಬದಲು ಎಲ್‌ಇಡಿ ಹಾಕಿದಾಗಲೂ ಹೀಗಾಗುವುದುಂಟು; ಆಗ ಎಲ್‌ಇಡಿಗೆ ಹೊಂದುವ ಫ್ಲಾಷರ್ ಹಾಕಿಸಬೇಕು.

ಬ್ರೇಕ್ ದೀಪ ಸದಾ ಉರಿಯುತ್ತಲೇ ಇದೆಯೇ? ಸ್ವಿಚ್ ಸಿಕ್ಕಿಕೊಂಡಿದೆ, ಇಲ್ಲವೆ ಪೆಡಲಿನ ಸ್ಪ್ರಿಂಗ್ ಸಡಿಲವಾಗಿದೆ. ಇದನ್ನು ಅಲಕ್ಷಿಸಬಾರದು. ಸದಾ ಉರಿಯುವ ದೀಪದಿಂದ ನೀವು ಯಾವಾಗ ನಿಲ್ಲುತ್ತೀರಿ ಎಂಬುದು ಹಿಂದಿನವನಿಗೆ ತಿಳಿಯುವುದೇ ಇಲ್ಲ.

ಫ್ಯೂಸ್ ಪದೇ ಪದೇ ಸುಡುತ್ತದೆಯೇ? ವೈರಿನ ಸಿಪ್ಪೆ ಸವೆದು ತಾಮ್ರವು ಟ್ರೈಲರಿನ ಕಬ್ಬಿಣಕ್ಕೆ ತಾಗುತ್ತಿದೆ. ತಿರುವಿನಲ್ಲಿ ಮಾತ್ರ ಸುಟ್ಟರೆ ಕೊಕ್ಕೆಯ ಬಳಿ, ಟ್ರೈಲರ್ ಎತ್ತಿದಾಗ ಸುಟ್ಟರೆ ಹಿಂಬದಿಯ ಕೀಲಿನ ಬಳಿ ಹುಡುಕಿ. ಸುಟ್ಟ ಫ್ಯೂಸಿನ ಜಾಗಕ್ಕೆ ಸಿಗರೇಟಿನ ತಗಡು, ತಂತಿಯ ತುಂಡು ಹಾಕುವುದು ಬಹಳ ಅಪಾಯ. ಫ್ಯೂಸ್ ಸುಡುವ ಬದಲು ವೈರೇ ಸುಟ್ಟು, ಒಣಹುಲ್ಲಿನ ಲೋಡಿಗೆ ಬೆಂಕಿ ಹತ್ತಬಹುದು.

ಮಂಕು ದೀಪ ಮತ್ತು ತೆಳು ವೈರು

ತಲಾ 21 ವ್ಯಾಟಿನ ಎರಡು ಬ್ರೇಕ್ ದೀಪಗಳು 12 ವೋಲ್ಟಿನಲ್ಲಿ 3.5 ಆಂಪಿಯರ್ ವಿದ್ಯುತ್ ಎಳೆಯುತ್ತವೆ. 8 ಮೀಟರ್ ಉದ್ದದ 0.5 ಚದರ ಮಿ.ಮೀ. ವೈರಿನಲ್ಲಿ ಹೋಗಿ ಬರುವ ದಾರಿ ಸೇರಿ ಸುಮಾರು 2 ವೋಲ್ಟ್ ನಷ್ಟವಾಗುತ್ತದೆ. ವೋಲ್ಟೇಜು 12ರಿಂದ 10ಕ್ಕೆ ಇಳಿದರೆ ಬಲ್ಬಿನ ಬೆಳಕು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. 1.5 ಚದರ ಮಿ.ಮೀ. ವೈರಾದರೆ ನಷ್ಟ ಮುಕ್ಕಾಲು ವೋಲ್ಟಿಗಿಂತ ಕಡಿಮೆ. ಆದುದರಿಂದ ದೀಪಗಳಿಗೆ ಬಹು ಎಳೆಯ 1.5 ಚದರ ಮಿ.ಮೀ. ತಾಮ್ರದ ವೈರನ್ನೂ, ಎಲ್ಲ ದೀಪಗಳ ವಿದ್ಯುತ್ತು ಒಟ್ಟಾಗಿ ಮರಳುವ ಅರ್ಥ್‌ಗೆ 2.5 ಚದರ ಮಿ.ಮೀ. ವೈರನ್ನೂ ಬಳಸುವುದು ಲೇಸು.

ಗೊಬ್ಬರವೂ ಶತ್ರು

ಯೂರಿಯಾ ಮತ್ತು ಕೊಟ್ಟಿಗೆ ಗೊಬ್ಬರ ತೇವದಲ್ಲಿ ಅಮೋನಿಯಾ ಬಿಡುತ್ತವೆ. ಇದು ತಾಮ್ರ, ಹಿತ್ತಾಳೆಗಳನ್ನು ತಿನ್ನುತ್ತದೆ. ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಪ್ಲಗ್ಗಿನ ಪಿನ್ನುಗಳ ಮೇಲೆ ಕಾಣುವ ಹಸಿರು ಕಿಲುಬಿಗೆ ಇಂಥ ಲವಣ, ತೇವಗಳೇ ಕಾರಣ. ಗೊಬ್ಬರ ಸಾಗಿಸಿದ ದಿನ ಟ್ರೈಲರನ್ನು ತೊಳೆಯಿರಿ. ಆದರೆ ಪ್ಲಗ್ ಮತ್ತು ದೀಪಗಳಿಗೆ ನೀರಿನ ಧಾರೆ ಬಿಡಬೇಡಿ. ಪಿನ್ನುಗಳನ್ನು ಉಜ್ಜಿ ತೆಳುವಾಗಿ ವ್ಯಾಸಲೀನ್ ಸವರಿ. ಟ್ರೈಲರ್ ನಿಂತಿರುವಾಗ ಪ್ಲಗ್ಗಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಬಾಯಿ ಕೆಳಗಾಗಿ ತೂಗುಹಾಕಿ. ವೈರನ್ನು ಪಿ.ವಿ.ಸಿ. ಕೊಳವೆಯೊಳಗೆ ಹಾಯಿಸಿದರೆ ಇಲಿ ಕಡಿಯುವುದು ತಪ್ಪುತ್ತದೆ. ಕೊಕ್ಕೆಯ ಬಳಿ ತಿರುವಿಗೆ ಸಾಕಾಗುವಷ್ಟು ಸಡಿಲ ಬಿಡಿ. ನೆಲಕ್ಕೆ ಉಜ್ಜುವಷ್ಟು ಬೇಡ.

ದೀಪವಿದ್ದ ಮಾತ್ರಕ್ಕೆ ಬ್ರೇಕ್ ಇದ್ದಂತಲ್ಲ

ನಮ್ಮಲ್ಲಿ ಎಷ್ಟೋ ಟ್ರೈಲರುಗಳಿಗೆ ಸ್ವಂತ ಬ್ರೇಕ್ ಇಲ್ಲ. ಅಮೆರಿಕ ಮುಂತಾದ ದೇಶಗಳಲ್ಲಿ ಟ್ರೈಲರುಗಳಿಗೆ ವಿದ್ಯುತ್ ಬ್ರೇಕ್ ಅಳವಡಿಸುವ ವಾಡಿಕೆಯುಂಟು. ಚಕ್ರದ ಡ್ರಮ್ಮಿನೊಳಗಿನ ವಿದ್ಯುತ್ ಅಯಸ್ಕಾಂತವು ತಿರುಗುವ ಡ್ರಮ್ಮಿಗೆ ಅಂಟಿಕೊಂಡು ಸನ್ನೆಯನ್ನು ಎಳೆದು ಬ್ರೇಕ್ ಹಿಡಿಸುತ್ತದೆ. ಒಂದೊಂದು ಅಯಸ್ಕಾಂತವೂ 3ರಿಂದ 4 ಆಂಪಿಯರ್ ಎಳೆಯುತ್ತದೆ. ಎಷ್ಟು ಬಿಗಿಯಾಗಿ ಹಿಡಿಯಬೇಕೆಂಬುದನ್ನು ನಿರ್ಧರಿಸಲು ಚಾಲಕನ ಬಳಿ ನಿಯಂತ್ರಕವಿರುತ್ತದೆ. ಅಲ್ಲಿಯೂ ಬ್ರೇಕ್ ಕೈಕೊಟ್ಟಾಗ ಮೊದಲು ನೋಡುವ ಜಾಗಗಳಲ್ಲಿ ಅರ್ಥ್ ಮತ್ತು ಪ್ಲಗ್ ಮುಖ್ಯವಾದವು. ನಮ್ಮ ಟ್ರ್ಯಾಕ್ಟರುಗಳಲ್ಲಿ ಈ ಏರ್ಪಾಡು ರೂಢಿಯಲ್ಲಿಲ್ಲ. ಯಾರಾದರೂ ಬ್ರೇಕ್ ದೀಪದ ವೈರಿಗೇ ಇಂಥದನ್ನು ಜೋಡಿಸಿಕೊಡುತ್ತೇನೆಂದರೆ ಒಪ್ಪಬೇಡಿ. ಆ ಸ್ವಿಚ್ ಮತ್ತು ವೈರು ಅಷ್ಟು ಹೊರೆ ತಾಳಲಾರವು.

ಟ್ರೈಲರಿಗೆ ಬ್ರೇಕ್ ಇಲ್ಲದಿದ್ದಾಗ ಟ್ರ್ಯಾಕ್ಟರೊಂದೇ ಎಲ್ಲ ಭಾರವನ್ನೂ ತಡೆಯಬೇಕು. 2 ಟನ್ ತೂಕದ ಟ್ರ್ಯಾಕ್ಟರ್ ಒಂಟಿಯಾಗಿ 4 ಮೀಟರಿನಲ್ಲಿ ನಿಲ್ಲುತ್ತದೆ ಎಂದುಕೊಳ್ಳಿ. 5 ಟನ್ ಟ್ರೈಲರ್ ಸೇರಿ ಒಟ್ಟು 7 ಟನ್ನಾದರೆ ಸ್ಥೂಲ ಲೆಕ್ಕದಲ್ಲಿ ಅದು ನಿಲ್ಲಲು 14 ಮೀಟರ್ ಬೇಕು. ವೇಗ ಇಮ್ಮಡಿಯಾದರೆ ಈ ದೂರ ನಾಲ್ಕು ಪಟ್ಟಾಗಿ 56 ಮೀಟರ್ ಆಗುತ್ತದೆ. ಆದುದರಿಂದ ವೇಗ ತಗ್ಗಿಸುವುದೇ ಮೊದಲ ರಕ್ಷಣೆ. ರಸ್ತೆಗೆ ಬಂದಾಗ ಎಡ-ಬಲ ಬ್ರೇಕ್ ಪೆಡಲುಗಳನ್ನು ಕೊಂಡಿಯಿಂದ ಸೇರಿಸಲು ಮರೆಯಬೇಡಿ. ಸೇರಿಸದೆ ಒಂದೇ ಪೆಡಲ್ ತುಳಿದರೆ ಟ್ರ್ಯಾಕ್ಟರ್ ಒಂದು ಬದಿಗೆ ಎಳೆಯುತ್ತದೆ. ಸ್ವಿಚ್ ಇನ್ನೊಂದು ಪೆಡಲಿಗಿದ್ದರೆ ಬ್ರೇಕ್ ದೀಪವೂ ಉರಿಯದು.

ರಾಗಿ ಹುಲ್ಲಿನ ಲೋಡು ದೀಪಗಳನ್ನು ಮುಚ್ಚುತ್ತದೆ. ಒಂದು ಹಲಗೆಗೆ ದೀಪಗಳನ್ನೂ ಕೆಂಪು ಪ್ರತಿಫಲಕಗಳನ್ನೂ ಕೂಡಿಸಿ, ಉದ್ದ ವೈರಿನೊಡನೆ ಲೋಡಿನ ಹಿಂಬದಿಗೆ ತೂಗುಹಾಕಿದರೆ ಈ ತೊಂದರೆ ನೀಗುತ್ತದೆ. ವಿದ್ಯುತ್ ಕೈಕೊಟ್ಟರೂ ಪ್ರತಿಫಲಕ ಕೈಕೊಡದು. ಆದರೆ ಮಣ್ಣು ಮೆತ್ತಿದ ಪ್ರತಿಫಲಕ ಇದ್ದೂ ಇಲ್ಲದಂತೆ. ಹೊರಡುವ ಮುನ್ನ ಒರೆಸಿ.

ಹಿಂದೀಪ, ಬ್ರೇಕ್ ದೀಪ, ಎರಡು ಇಂಡಿಕೇಟರ್, ಪ್ರತಿಫಲಕ, ಪೆಡಲಿನ ಕೊಂಡಿ - ಇಷ್ಟನ್ನು ನೋಡಲು ಎರಡು ನಿಮಿಷ ಸಾಕು. ಈ ಮಾವಿನ ಸುಗ್ಗಿಗೆ, ಮುಂದೆ ರಾಗಿ ಕಟಾವಿಗೆ ಮೊದಲು ರೈತ ಬಾಂಧವರು ತಮ್ಮ ಟ್ರೈಲರುಗಳನ್ನು ಮೇಲಿನ ಕ್ರಮದಲ್ಲಿ ಒಮ್ಮೆ ಪರೀಕ್ಷಿಸಿ ಸರಿಪಡಿಸಿಕೊಳ್ಳಬೇಕು. ಕೈಗೆ ಬಂದ ತುತ್ತು ಬಾಯಿಗೆ ಬರಬೇಕಾದರೆ ಹೊಲದಲ್ಲಿ ವಹಿಸಿದ ಎಚ್ಚರವನ್ನು ರಸ್ತೆಯಲ್ಲಿಯೂ ವಹಿಸುವುದು ಅವಶ್ಯಕ.